ಒಂದೇ ಮನೆಯ ನಲವತ್ತು ಜನ

ನಮ್ಮ ಕಾಲೇಜಿನಲ್ಲಿ ಪ್ರಾಂಶುಪಾಲರ ಹೆಸರು ಗೊತ್ತಿಲ್ಲದ ವಿದ್ಯಾರ್ಥಿಗಳು ಬೇಕಾದಷ್ಟು ಜನ ಸಿಗುತ್ತಾರೆ. ವಿಳಾಸದಕ್ಕನನ್ನು ಅರಿಯದವರು ಒಬ್ಬರೂ ಸಿಗಲಾರರು. ಅವಳ ಅಸಲಿ ಹೆಸರು ಸಂಬಳದ ಪಟ್ಟಿಯಲ್ಲಿದೆ. ಯಾರಾದರೂ ಅದನ್ನು ಕೂಗಿದರೆ ಬೇರೆ ಯಾರನ್ನೋ ಕರೆಯುತ್ತಿದ್ದಾರೆಂದು ಅವಳೇ ಸುಮ್ಮನಿರುತ್ತಾಳೆ. ನಾನು ಪಕ್ಕದ ಮೇಜಿನವನು. ಫೀಸು ಕಟ್ಟಿಸಿಕೊಂಡು ರಸೀದಿ ಹರಿದುಕೊಡುವುದು ನನ್ನ ಕೆಲಸ, ಹಾಗಾಗಿ ಅವಳ ಬಾಯಲ್ಲಿ ನಾನು ರಸೀದಪ್ಪ. ಇಪ್ಪತ್ತೆರಡು ವರ್ಷ ಒಂದೇ ಕಾಲೇಜಿನಲ್ಲಿ ದುಡಿದು ನಮ್ಮಿಬ್ಬರ ನಡುವಿನ ‘ನೀವು’ ಸವೆದು ‘ನೀನು’ ಆಗಿದೆ. ಅವಳ ಬಗ್ಗೆ ಬರೆಯಲು ನನಗಿಂತ ಯೋಗ್ಯರು ಯಾರೂ ಇಲ್ಲ, ನನಗಿಂತ ಅಯೋಗ್ಯರೂ ಇಲ್ಲ. ಎರಡನೆಯದು ಯಾಕೆಂದು ಓದುತ್ತಾ ಹೋದರೆ ಗೊತ್ತಾಗುತ್ತದೆ.

ವಿಳಾಸದ ಕೆಲಸ ಅನ್ನುವುದು ಮೊದಲಿನಿಂದ ಇದ್ದದ್ದಲ್ಲ. ಮೊದಲು ನಮ್ಮದು ಊರಿನ ಮಕ್ಕಳ ಕಾಲೇಜು. ಸರ್ಕಾರ ದುಡ್ಡು ಕೊಡುತ್ತಿತ್ತು, ಮೇಷ್ಟ್ರುಗಳು ಪಾಠ ಮಾಡುತ್ತಿದ್ದರು, ಛಾವಣಿ ಸೋರುತ್ತಿತ್ತು. ಆಮೇಲೆ ಸರ್ಕಾರ ವರ್ಷವರ್ಷವೂ ಒಂದಿಷ್ಟು ಕೈ ಎಳೆದುಕೊಂಡಿತು. ದುಡ್ಡು ಕಡಿಮೆಯಾದಾಗಲೆಲ್ಲ ಜೊತೆಗೊಂದು ಹೊಗಳಿಕೆಯ ಪತ್ರ ಬರುತ್ತಿತ್ತು: ನಿಮ್ಮ ಸಂಸ್ಥೆ ಸ್ವಂತ ಕಾಲ ಮೇಲೆ ನಿಲ್ಲುತ್ತಿರುವುದು ನಮಗೆ ಸಂತೋಷ ತಂದಿದೆ. ಕಾಲು ಎಲ್ಲಿದೆ ಎಂದು ನಾವು ಹುಡುಕುತ್ತಿದ್ದೆವು. ಹಗಲು ದುಡಿದು ಸಂಜೆ ನರ್ಸಿಂಗು, ವೈರಿಂಗು ಕಲಿಯುವವರಿಗೆಂದು ಇದ್ದ ಸಂಜೆ ತರಗತಿಯನ್ನು ಮುಚ್ಚುವ ಮಾತೂ ಬಂತು.

ಆಗ ಪ್ರಾಂಶುಪಾಲರಿಗೆ ವಿದೇಶಿ ವಿದ್ಯಾರ್ಥಿಗಳು ಹೊಳೆದರು. ಊರಿನವರು ಕಟ್ಟುವುದರ ಐದು ಪಟ್ಟು ಫೀಸು ಅವರಿಗೆ. ಮೊದಲ ವರ್ಷ ಮೂವತ್ತು ಜನ ಬಂದರು, ಆರನೆಯ ವರ್ಷಕ್ಕೆ ಒಂಬೈನೂರು. ಛಾವಣಿ ರಿಪೇರಿಯಾಯಿತು, ಸಂಜೆ ತರಗತಿ ಉಳಿಯಿತು, ನನ್ನ ಸಂಬಳ ತಿಂಗಳ ಮೊದಲ ದಿನವೇ ಬರತೊಡಗಿತು, ಹೆಬ್ಬಾಗಿಲ ಎದುರು ಒಂದು ಕಾರಂಜಿ ಎದ್ದಿತು. ಹಾಸ್ಟೆಲ್ ಮಾತ್ರ ಏಳಲಿಲ್ಲ. ಹಾಸ್ಟೆಲ್ಲಿಗೆಂದು ಬಿಟ್ಟಿದ್ದ ಜಾಗದಲ್ಲೇ ಆ ಕಾರಂಜಿ ಇರುವುದು. ಬಂದ ಮಕ್ಕಳೆಲ್ಲ ಮಲಗುವುದೆಲ್ಲಿ ಅನ್ನುವುದು ಊರಿಗೆ ಬಿಟ್ಟ ವಿಷಯವಾಯಿತು. ಊರು ಅದನ್ನು ಬಹಳ ಉತ್ಸಾಹದಿಂದ ವಹಿಸಿಕೊಂಡಿತು. ಸಂಸಾರಸ್ಥರಿಗೆ ಕೊಟ್ಟಿದ್ದ ಮನೆಗಳು ಕೋಣೆಗಳಾದವು, ಕೋಣೆಗಳು ಮಂಚಗಳಾದವು, ಬಾಡಿಗೆಯನ್ನು ಮನೆಗಿಷ್ಟು ಎನ್ನುವ ಬದಲು ತಲೆಗಿಷ್ಟು ಎನ್ನತೊಡಗಿದರು.

ಇದರ ನಡುವೆ ಒಂದು ನಿಯಮ. ಪರದೇಶದಿಂದ ಬಂದ ವಿದ್ಯಾರ್ಥಿ ಹದಿನೈದು ದಿನದೊಳಗೆ ಊರಿನಲ್ಲೊಂದು ವಿಳಾಸ ತೋರಿಸಬೇಕು. ವಾಸದ ನಮೂನೆ ಅಂತ ಒಂದು ಹಾಳೆ. ಅದರ ಮೇಲೆ ಮನೆ ಮಾಲೀಕರ ಸಹಿ ಇರಬೇಕು. ಇಲ್ಲದಿದ್ದರೆ ದೇಶದಲ್ಲಿರುವ ಪರವಾನಗಿ ರದ್ದು, ಕಟ್ಟಿದ ಫೀಸು ವಾಪಸ್ಸು. ವಾಪಸ್ಸು ಎಂಬ ಪದ ಕಿವಿಗೆ ಬಿದ್ದರೆ ಪ್ರಾಂಶುಪಾಲರ ಎದೆ ಧಸಕ್ಕೆನ್ನುತ್ತಿತ್ತು. ಹಾಗಾಗಿ ಗ್ರಂಥಾಲಯದಲ್ಲಿ ಪುಸ್ತಕಕ್ಕೆ ಅಂಟು ಹಚ್ಚಿಕೊಂಡು ತಣ್ಣಗಿದ್ದ ಅಕ್ಕನನ್ನು ಎಬ್ಬಿಸಿ ತಂದು ಮೇಜು, ಮೊಹರು ಕೊಟ್ಟು ಕೂರಿಸಿದರು.

ಇನ್ನೊಬ್ಬರಿಗೆ ವಿಳಾಸ ಹೊಂದಿಸಿಕೊಡುವ ಈ ಹೆಂಗಸಿನ ಸ್ವಂತ ವಿಳಾಸದ ಕಥೆ ಕೇಳಿ. ಸೈಕಲ್ ರಿಪೇರಿ ಅಂಗಡಿಯ ಮೇಲೆ ಎರಡು ಕೋಣೆ, ಒಬ್ಬರು ನಿಂತರೆ ತುಂಬಿಹೋಗುವ ಅಡುಗೆಮನೆ. ಬಾಡಿಗೆ ಮನೆ. ಗಂಡ ಸಿಟಿ ಬಸ್ಸಿನ ಕಂಡಕ್ಟರ್, ನನಗೆ ಭಾವ. ಒಬ್ಬಳೇ ಮಗಳು ಹಗಲು ಔಷಧಿ ಅಂಗಡಿಯಲ್ಲಿ ದುಡಿದು ನಮ್ಮದೇ ಕಾಲೇಜಿನ ಸಂಜೆ ತರಗತಿಯಲ್ಲಿ ನರ್ಸಿಂಗ್ ಓದುತ್ತಿದ್ದಳು. ಮನೆ ಮಾಲೀಕರು ತಿಂಗಳಿಗೊಮ್ಮೆ ಮೇಲೆ ಬಂದು ಗೋಡೆಯನ್ನು ಪ್ರೀತಿಯಿಂದ ಸವರುತ್ತಿದ್ದರು.

“ನೋಡಮ್ಮಾ, ಖಾಲಿ ಮಾಡಿ ಅಂತ ನಾನು ಹೇಳ್ತಾ ಇಲ್ಲ. ಎದುರು ಮನೆಯವರು ಇಷ್ಟೇ ಜಾಗದಲ್ಲಿ ಆರು ಮಂಚ ಹಾಕಿದಾರೆ. ಸುಮ್ನೆ ವಿಷಯ ಹೇಳ್ದೆ.”

“ಹಾಕ್ಲಿ ಬಿಡಿ, ಒಳ್ಳೆ ನಿದ್ದೆ ಬರ್ಲಿ ಎಲ್ರಿಗೂ,” ಎನ್ನುತ್ತಿದ್ದಳು ಅಕ್ಕ.

ಅವಳ ಆಸೆಯೆಲ್ಲ ನಗರಸಭೆಯ ಮನೆಯ ಮೇಲಿತ್ತು. ಅರ್ಜಿ ಹಾಕಿದಾಗ ಅವಳ ಸರದಿ ಸಂಖ್ಯೆ ಆರುನೂರ ಹನ್ನೆರಡು. ಎಂಟು ವರ್ಷ ಕಳೆದ ಮೇಲೆ ಐನೂರ ಎಂಬತ್ತೇಳು. ಸರದಿ ಮುಂದೆ ಸರಿಯುವುದು ಮನೆಯ ಇಕ್ಕಟ್ಟಿನ ಮೇಲೆ: ಒಂದು ಕೋಣೆಗೆ ಎಷ್ಟು ಹೆಚ್ಚು ಜನವೋ ಅಷ್ಟು ಮುಂದೆ. ಎರಡು ಕೋಣೆಯಲ್ಲಿ ಮೂರೇ ಜನ ಇರುವುದನ್ನು ನಗರಸಭೆ ವೈಭೋಗ ಎಂದು ಭಾವಿಸಿತ್ತು. “ಇನ್ನೊಂದು ನಾಲ್ಕು ಮಕ್ಳನ್ನ ಹೆತ್ತಿದ್ರೆ ಸಿಕ್ಕಿರೋದು ನೋಡು ಮನೆ,” ಎಂದು ಅವಳು ತಮಾಷೆ ಮಾಡುತ್ತಿದ್ದಳು. ಅಷ್ಟು ಸುಲಭಕ್ಕೆ ಅವಳ ತಮಾಷೆ ನಿಜವಾಗುತ್ತದೆಂದು ಯಾರಿಗೆ ಗೊತ್ತಿತ್ತು?

ಅದು ಶುರುವಾದದ್ದು ಒಂದು ಹುಡುಗಿಯಿಂದ. ಹದಿನೈದನೆಯ ದಿನ ಸಂಜೆ ನಾಲ್ಕೂವರೆಗೆ ಕೌಂಟರಿನ ಮುಂದೆ ಬಂದು ನಿಂತಳು. ನಮ್ಮ ಭಾಷೆಯನ್ನು ಪುಸ್ತಕದಿಂದ ಕಲಿತು ಬಂದಿದ್ದವಳು.

“ಅಮ್ಮಾ, ನನಗೆ ವಾಸಸ್ಥಾನ ದೊರೆತಿದೆ. ಆದರೆ ಗೃಹದ ಯಜಮಾನರು ಹಸ್ತಾಕ್ಷರ ನೀಡಲು ನಿರಾಕರಿಸುತ್ತಿದ್ದಾರೆ,” ಎಂದು ಹೇಳಿ, ವ್ಯಾಕರಣ ಒಂದಿಷ್ಟೂ ಕೆಡದ ಹಾಗೆ ಅಳತೊಡಗಿದಳು.

ಅವಳು ಹೇಳಿದ್ದು ಊರಿಗೇ ಗೊತ್ತಿದ್ದ ಸಂಗತಿ. ದೊಡ್ಡ ಬಾಡಿಗೆ ಕೊಡುವವರಿಗೆ ಸಹಿ ಸಿಗುತ್ತದೆ. ಉಳಿದವರಿಗೆ ಕೋಣೆ ಕೊಡುತ್ತಾರೆ, ಬಾಡಿಗೆ ಕೈಗೆ ತೆಗೆದುಕೊಳ್ಳುತ್ತಾರೆ, ಸಹಿ ಮಾತ್ರ ಹಾಕುವುದಿಲ್ಲ. ಸಹಿ ಹಾಕಿದರೆ ನಗರಸಭೆಗೆ ಗೊತ್ತಾಗುತ್ತದೆ, ಗೊತ್ತಾದರೆ ಮನೆ ತೆರಿಗೆ ಏರುತ್ತದೆ. ನಮ್ಮ ಊರಿನವರು ಕಟುಕರು ಎಂದು ತಿಳಿಯಬೇಡಿ. ನನ್ನನ್ನೇ ನೋಡಿ. ನಮ್ಮ ಮನೆಯ ಮಾಳಿಗೆಯ ಕೋಣೆಯಲ್ಲಿ ಇಬ್ಬರು ಪರದೇಶಿ ಹುಡುಗರಿದ್ದರು. ಅವರಿಗೆ ಫ್ಯಾನು ಹಾಕಿಸಿಕೊಟ್ಟಿದ್ದೆ, ಜ್ವರ ಬಂದಾಗ ಗಂಜಿ ಕಳಿಸಿದ್ದೆ. ಸಹಿ ಹಾಕಿರಲಿಲ್ಲ. ಗಂಜಿಗೆ ತೆರಿಗೆ ಇಲ್ಲವಲ್ಲ.

ಅಕ್ಕ ಗಡಿಯಾರ ನೋಡಿದಳು, ಹುಡುಗಿಯನ್ನು ನೋಡಿದಳು. ಪೆನ್ನು ತೆಗೆದು ನಮೂನೆಯಲ್ಲಿ ತನ್ನ ಮನೆಯ ವಿಳಾಸವನ್ನೇ ಬರೆದು ಮಾಲೀಕರ ಸಹಿಯ ಜಾಗದಲ್ಲಿ ತಾನೇ ಸಹಿ ಹಾಕಿ ಮೊಹರು ಒತ್ತಿದಳು.

“ಅಕ್ಕಾ, ಇದೇನು ಮಾಡ್ತಿದೀಯ?” ಎಂದೆ.

“ಮೂರು ದಿನದ ಮಟ್ಟಿಗೆ ಕಣೋ. ಆಮೇಲೆ ಅವಳು ಬದಲಾಯಿಸ್ಕೋತಾಳೆ.”

ಯಾವ ಮಾಲೀಕ ಮೊದಲು ಸಹಿ ಹಾಕಲಿಲ್ಲವೋ ಅವನು ಮೂರು ದಿನದ ಮೇಲೆ ಯಾಕೆ ಹಾಕಿಯಾನು? ವಿಳಾಸ ಬದಲಾಗಲಿಲ್ಲ. ಮರುವಾರ ಆ ಹುಡುಗಿಯ ಗೆಳತಿಯರು ನಾಲ್ವರು ಬಂದರು. ಆಮೇಲೆ ಬಂದವರನ್ನು ಒಬ್ಬೊಬ್ಬರಾಗಿ ಹೇಳುತ್ತಾ ಕೂತರೆ ಬೆಳಗಾಗುತ್ತದೆ. ನನ್ನ ಮಾಳಿಗೆಯ ಹುಡುಗರನ್ನು ನಾನೇ ಅವಳ ಮೇಜಿಗೆ ಕಳಿಸಿದೆ. ಅವಳು ನಮೂನೆ ನೋಡಿದಳು, ತಲೆಯೆತ್ತಿ ನನ್ನನ್ನು ನೋಡಿದಳು, ತನ್ನ ವಿಳಾಸ ಬರೆದುಕೊಟ್ಟಳು. ನಾನು ಅಷ್ಟು ಹೊತ್ತೂ ರಸೀದಿ ಪುಸ್ತಕದ ಹಾಳೆಗಳನ್ನು ಸರಿಯಿದ್ದರೂ ಸರಿ ಮಾಡುತ್ತಿದ್ದೆ. ಮೂರು ವರ್ಷದಲ್ಲಿ ಆ ಎರಡು ಕೋಣೆಯ ಮನೆಯಲ್ಲಿ ಕಾಗದದ ಮೇಲೆ ಮೂವತ್ತೇಳು ಪರದೇಶಿಗಳು ಸೇರಿಕೊಂಡರು. ಮನೆಯವರು ಮೂವರನ್ನೂ ಸೇರಿಸಿದರೆ ನಲವತ್ತು.

ಇದರ ಬಿಸಿ ಮೊದಲು ತಟ್ಟಿದ್ದು ಅಂಚೆಯವನಿಗೆ. ಅವರೆಲ್ಲರ ಪತ್ರ, ಪಾರ್ಸೆಲ್ಲುಗಳು ಅಲ್ಲಿಗೇ ಬರತೊಡಗಿದವು. “ಅಕ್ಕಾ, ನಿಮ್ಮನೇಲಿ ಒಟ್ಟು ಎಷ್ಟು ಜನ ಅಂತ ಒಂದ್ಸಲ ಹೇಳಿಬಿಡಿ, ನಾನು ಬೇರೆ ಚೀಲಾನೇ ಇಟ್ಕೋತೀನಿ,” ಎಂದನಂತೆ ಅವನು. ಭಾವ ಬಸ್ಸಿನ ಟಿಕೆಟ್ ಜೋಡಿಸುವ ಹಾಗೆ ಪತ್ರಗಳನ್ನು ಅಚ್ಚುಕಟ್ಟಾಗಿ ಜೋಡಿಸಿಡುತ್ತಿದ್ದ. ಭಾನುವಾರ ಮಕ್ಕಳು ಬಂದು ಮೆಟ್ಟಿಲ ಮೇಲೆ ಸಾಲಾಗಿ ಕೂತು, ತಮ್ಮ ತಮ್ಮ ಊರಿನ ಪತ್ರ ಓದಿಕೊಂಡು, ಅಕ್ಕ ಕೊಟ್ಟ ಚಹಾ ಕುಡಿದು ಹೋಗುತ್ತಿದ್ದರು. ಲೋಟ ಆರೇ ಇದ್ದದ್ದರಿಂದ ಚಹಾ ಸರದಿಯ ಮೇಲೆ.

ಆ ವರ್ಷ ಕಾಲೇಜಿನ ವಾರ್ಷಿಕ ಸಭೆಯಲ್ಲಿ ಪ್ರಾಂಶುಪಾಲರು ಭಾಷಣ ಮಾಡಿದರು. ನಮ್ಮ ಸಂಸ್ಥೆಯಲ್ಲಿ ವಿಳಾಸದ ಪರಿಶೀಲನೆ ಶೇಕಡಾ ನೂರು, ಒಬ್ಬರ ಫೀಸೂ ಹಿಂದಿರುಗಿಸಿಲ್ಲ, ಇದಕ್ಕೆ ಕಾರಣರಾದವರ ದಕ್ಷತೆ ಎಲ್ಲರಿಗೂ ಮಾದರಿ ಎಂದು ಹೇಳಿ ಅಕ್ಕನಿಗೊಂದು ಗೋಡೆ ಗಡಿಯಾರ ಕೊಟ್ಟರು. ಆ ದಕ್ಷತೆ ಎಂಥದ್ದೆಂದು ಅವರಿಗೆ ಚೆನ್ನಾಗಿ ಗೊತ್ತಿತ್ತು. ಗೊತ್ತಿಲ್ಲದ ಹಾಗೆ ಚಪ್ಪಾಳೆ ತಟ್ಟುವುದರಲ್ಲಿ ಅವರದು ಎತ್ತಿದ ಕೈ. ನಾವೂ ತಟ್ಟಿದೆವು.

ಕಾಲೇಜು ವಿಳಾಸಗಳ ಪಟ್ಟಿಯನ್ನು ಪರವಾನಗಿ ಕಚೇರಿಗೆ ಕಳಿಸುತ್ತದೆ, ಆ ಕಚೇರಿ ನಗರಸಭೆಗೆ ಕಳಿಸುತ್ತದೆ. ನಗರಸಭೆಯಲ್ಲಿ ಅದನ್ನು ಯಾರೂ ಓದುವುದಿಲ್ಲ, ಕಂಪ್ಯೂಟರ್ ಓದುತ್ತದೆ. ಗಡಿಯಾರ ಸಿಕ್ಕ ಎರಡು ತಿಂಗಳಿಗೆ ಅಕ್ಕನಿಗೊಂದು ಪತ್ರ ಬಂತು. ಅವಳು ಅದನ್ನು ನನ್ನ ಮೇಜಿನ ಮೇಲಿಟ್ಟು, “ಓದೋ ರಸೀದಪ್ಪಾ, ನನ್ನ ಕಣ್ಣು ಸರಿ ಇದ್ಯಾ ನೋಡು,” ಎಂದಳು.

ಓದಿದೆ. ನಿಮ್ಮ ಎರಡು ಕೋಣೆಗಳಲ್ಲಿ ನಲವತ್ತು ಜನ ವಾಸವಿರುವುದು ದಾಖಲೆಗಳಿಂದ ತಿಳಿದುಬಂದಿದೆ. ನಗರಸಭೆಯ ಇತಿಹಾಸದಲ್ಲೇ ಇದು ಅತಿ ಹೆಚ್ಚಿನ ಇಕ್ಕಟ್ಟು. ಆದ್ದರಿಂದ ನಿಮ್ಮ ಸರದಿ ಸಂಖ್ಯೆಯನ್ನು ಒಂದಕ್ಕೆ ಏರಿಸಲಾಗಿದೆ. ಬರುವ ಭಾನುವಾರ ಅಧಿಕಾರಿಗಳು ಖುದ್ದಾಗಿ ಪರಿಶೀಲನೆಗೆ ಬರುತ್ತಾರೆ.

ನನಗೆ ನಗು ತಡೆಯಲಾಗಲಿಲ್ಲ. ಅವಳು ನಗಲಿಲ್ಲ. ಅದೇ ವಾರ ಮನೆ ಮಾಲೀಕರು ಗೋಡೆ ಸವರುವುದನ್ನು ಬಿಟ್ಟು ನೇರವಾಗಿ ನೋಟಿಸು ಕೊಟ್ಟಿದ್ದರು: ಎರಡು ತಿಂಗಳೊಳಗೆ ಖಾಲಿ ಮಾಡಬೇಕು.

“ನಾನು ಅವರ ಹತ್ರ ನಿಜ ಹೇಳ್ತೀನಿ. ಮೂರೇ ಜನ ಅಂತೀನಿ,” ಎಂದಳು.

“ಹೇಳಿದ್ರೆ ಮೂವತ್ತೇಳು ಜನರ ವಿಳಾಸ ಸುಳ್ಳು ಅಂತ ಆಗುತ್ತಲ್ಲ ಅಕ್ಕಾ. ಅವರ ಪರವಾನಗಿ?”

ಅವಳು ಪತ್ರವನ್ನು ಮಡಚಿಟ್ಟಳು. ಮಧ್ಯಾಹ್ನ ಪ್ರಾಂಶುಪಾಲರು ಅವಳನ್ನು ಕರೆಸಿ, ಸಂಜೆ ತರಗತಿಯ ಮೇಷ್ಟ್ರುಗಳ ಸಂಬಳ ಎಲ್ಲಿಂದ ಬರುತ್ತದೆಂದು ನೆನಪಿಸಿದರಂತೆ. ನಿಮ್ಮ ಮಗಳು ಕೊನೆಯ ವರ್ಷ ಅಲ್ಲವೇ, ಚೆನ್ನಾಗಿ ಓದಲಿ ಎಂದೂ ಹಾರೈಸಿದರಂತೆ.

ಆ ಭಾನುವಾರವನ್ನು ನಾನು ಸಾಯುವವರೆಗೆ ಮರೆಯುವುದಿಲ್ಲ. ಪುಸ್ತಕದ ಭಾಷೆಯ ಹುಡುಗಿ ಎಲ್ಲರಿಗೂ ಸುದ್ದಿ ಮುಟ್ಟಿಸಿದ್ದಳು. ಅಕ್ಕ ಕರೆದಿರಲಿಲ್ಲ, ಕೇಳಿರಲಿಲ್ಲ. ಬೆಳಗ್ಗೆ ಹತ್ತಕ್ಕೆ ಮೂವತ್ತೇಳೂ ಜನ ಹಾಸಿಗೆ ಸುತ್ತಿಕೊಂಡು, ಹಲ್ಲುಜ್ಜುವ ಬ್ರಷ್ ಹಿಡಿದುಕೊಂಡು ಬಂದಿಳಿದರು. ಭಾವನಿಗೆ ಇಪ್ಪತ್ತೈದು ವರ್ಷದ ಅಭ್ಯಾಸ. ಬಾಗಿಲಲ್ಲಿ ನಿಂತು, “ಒಳಗೆ ಹೋಗಿ, ಒಳಗೆ ಹೋಗಿ, ಮುಂದೆ ಖಾಲಿ ಇದೆ,” ಎಂದು ಒಬ್ಬೊಬ್ಬರನ್ನೇ ತುಂಬಿಸಿದ. ಮುಂದೆ ಖಾಲಿ ಇರಲಿಲ್ಲ, ಬಸ್ಸಿನಲ್ಲೂ ಇರುವುದಿಲ್ಲ. ಅಡುಗೆಮನೆಯಲ್ಲಿ ಐದು ಜನ, ಬಚ್ಚಲಲ್ಲಿ ನಾಲ್ಕು, ಮಂಚದ ಮೇಲೆ ಎಂಟು, ಮಂಚದ ಕೆಳಗೆ ಮೂವರು. ಕಾಲೇಜಿನ ಕಡೆಯ ಸಾಕ್ಷಿಯಾಗಿ ಪ್ರಾಂಶುಪಾಲರು ಕಳಿಸಿದ್ದು ನನ್ನನ್ನು. ನಾನು ಕಿಟಕಿಯ ಸರಳಿಗೆ ಬೆನ್ನು ಒತ್ತಿಕೊಂಡು ನಿಂತಿದ್ದೆ.

ನಗರಸಭೆಯ ಅಧಿಕಾರಿ ನಡುವಯಸ್ಸಿನ ಹೆಂಗಸು. ಬಾಗಿಲಿಗೆ ಬಂದವರು ಒಳಗೆ ಕಾಲಿಡಲು ಜಾಗ ಸಿಗದೆ ಮೆಟ್ಟಿಲಲ್ಲೇ ನಿಂತರು. ಎಷ್ಟೋ ಬಡ ಮನೆಗಳನ್ನು ನೋಡಿದವರಂತೆ, ಆದರೂ ಅವರ ಕಣ್ಣು ತುಂಬಿತು.

“ಇಷ್ಟು ಜನ ಎಲ್ಲಿ ಮಲಗ್ತೀರಪ್ಪಾ?”

“ನಾನು ಒಲೆಯ ಸಮೀಪದಲ್ಲಿ ಶಯನಿಸುತ್ತೇನೆ,” ಎಂದಳು ನಮ್ಮ ಹುಡುಗಿ.

“ಇವರೆಲ್ಲ ನಿಮ್ಮನೆಯವರಾ?” ಎಂದು ಅಧಿಕಾರಿ ಅಕ್ಕನನ್ನು ಕೇಳಿದರು.

ಮಂಚದ ಕೆಳಗಿದ್ದವರೂ ಉಸಿರು ಬಿಗಿಹಿಡಿದರು. ಅಕ್ಕ ಸೆರಗಿನಿಂದ ಮುಖ ಒರೆಸಿಕೊಂಡಳು.

“ನನ್ನ ವಿಳಾಸದವರು,” ಎಂದಳು.

ಅಧಿಕಾರಿ ಬರೆದುಕೊಂಡರು. ಅಷ್ಟರಲ್ಲಿ ಬಚ್ಚಲ ಕಡೆಯಿಂದ ನನ್ನ ಮಾಳಿಗೆಯ ಹುಡುಗನೊಬ್ಬ ಕತ್ತು ಚಾಚಿ, “ಅಂಕಲ್! ಮೇಲಿನ ನಲ್ಲಿ ಇನ್ನೂ ಸೋರ್ತಾ ಇದೆ!” ಎಂದು ಕೂಗಿದ. ಪಾಪ, ನಲ್ಲಿಯ ಮಾತಿಗೆ ನಾನು ಸಿಗುವುದು ಅಪರೂಪ, ಸಿಕ್ಕಾಗ ಹೇಳಬೇಕಲ್ಲ.

“ಯಾವ ನಲ್ಲಿ?” ಎಂದರು ಅಧಿಕಾರಿ.

“ಕಾಲೇಜಿಂದು ಮೇಡಂ. ಮೇಲಿನ ಮಹಡೀದು,” ಎಂದೆ. ಇವರೆಲ್ಲ ಇಲ್ಲಿಯೇ ವಾಸವಿರುವುದು ನನಗೆ ತಿಳಿದಿದೆ ಎಂದು ಬರೆದಿದ್ದ ಕಡೆ ಸಹಿ ಮಾಡಿದೆ. ಯಾರಿಗೂ ಸಹಿ ಕೊಡದ ಮನುಷ್ಯ ಅವತ್ತು ಎಷ್ಟು ಸರಾಗವಾಗಿ ಪೆನ್ನು ಓಡಿಸಿದೆ! ಅಕ್ಕ ನನ್ನ ಕೈಯನ್ನೇ ನೋಡುತ್ತಿದ್ದಳು.

ಹತ್ತೇ ದಿನಕ್ಕೆ ಮನೆ ಮಂಜೂರಾಯಿತು. ಮೂವರೂ ಹೋಗಿ ನೋಡಿ ಬಂದರು. ಮರುದಿನ ಅಕ್ಕ ಕೆಲಸಕ್ಕೆ ಬಂದಾಗ ಅವಳ ಮುಖದಲ್ಲಿ ನಾನು ಇಪ್ಪತ್ತೆರಡು ವರ್ಷದಲ್ಲಿ ಕಾಣದ ಕಳೆ ಇತ್ತು. ಮೂರು ಕೋಣೆ. ಅಡುಗೆಮನೆಯಲ್ಲಿ ಇಬ್ಬರು ನಿಂತು ಜಗಳವಾಡಬಹುದು. ಮಗಳು ಮೂಲೆಯೊಂದರಲ್ಲಿ ಕೈಚಾಚಿ ಮೇಜಿಗೆ ಅಳತೆ ತೆಗೆದುಕೊಂಡಳಂತೆ. ಭಾವ ಎಲ್ಲ ಕಿಟಕಿಗಳನ್ನೂ ತೆಗೆದು, ಹಾಕಿ, ಮತ್ತೆ ತೆಗೆದನಂತೆ. “ಬಾಗಿಲು ಹಾಕ್ಕೊಂಡ್ರೆ ಹೊರಗಿನ ಸದ್ದೇ ಕೇಳಿಸಲ್ಲ ಕಣೋ,” ಎಂದು ಹೇಳಿ, ಹೇಳಿದ್ದು ಸಾಲದೆಂಬಂತೆ ಮಧ್ಯಾಹ್ನ ಇನ್ನೊಮ್ಮೆ ಹೇಳಿದಳು.

ಮಂಜೂರಾತಿ ಪತ್ರದ ಹಿಂಬದಿಯನ್ನು ಓದಿದ್ದು ಮಗಳು. ನಲವತ್ತು ಜನ ವಾಸವಿದ್ದ ಕಟ್ಟಡ ಮನುಷ್ಯರ ವಾಸಕ್ಕೆ ಯೋಗ್ಯವಲ್ಲವಾದ್ದರಿಂದ, ಹೊಸ ಮನೆಯ ಕೀಲಿ ಪಡೆದ ದಿನವೇ ಹಳೆಯ ವಿಳಾಸವನ್ನು ದಾಖಲೆಯಿಂದ ತೆಗೆದುಹಾಕಲಾಗುವುದು. ಹೊಸ ಮನೆಯಲ್ಲಿ ಗಂಡ, ಹೆಂಡತಿ, ಮಕ್ಕಳ ಹೊರತು ಬೇರೆಯವರ ಹೆಸರು ನೋಂದಾಯಿಸುವಂತಿಲ್ಲ. ಕೀಲಿ ಪಡೆಯಲು ಹದಿನೈದು ದಿನ ಗಡುವು. ಪಡೆಯದಿದ್ದರೆ ಮಂಜೂರಾತಿ ರದ್ದು, ಮತ್ತೆ ಅರ್ಜಿ ಹಾಕಲು ಐದು ವರ್ಷ ಕಾಯಬೇಕು.

ಅಂದರೆ ಅಕ್ಕ ಕೀಲಿ ತಿರುಗಿಸಿದ ದಿನ ಮೂವತ್ತೇಳು ಜನ ವಿಳಾಸವಿಲ್ಲದವರಾಗುತ್ತಾರೆ. ಪುಸ್ತಕದ ಭಾಷೆಯ ಹುಡುಗಿಗೆ ಪರೀಕ್ಷೆಗೆ ನಾಲ್ಕು ತಿಂಗಳಿತ್ತು. ಅವರ ಫೀಸು ಹೋದರೆ ಮೊದಲು ಬಾಗಿಲು ಮುಚ್ಚುವುದು ಸಂಜೆ ತರಗತಿ, ಕಾರಂಜಿಯಲ್ಲ.

ಅವಳು ಕೈಕಟ್ಟಿ ಕೂರಲಿಲ್ಲ. ನಿಜವಾದ ಮಾಲೀಕರೆಲ್ಲ ಈಗಲಾದರೂ ಸಹಿ ಹಾಕಿದರೆ ಮಕ್ಕಳು ಉಳಿಯುತ್ತಾರೆ, ಮನೆಯೂ ಉಳಿಯುತ್ತದೆ. ಮೂವತ್ತೇಳು ನಮೂನೆಗಳನ್ನು ಚೀಲಕ್ಕೆ ಹಾಕಿಕೊಂಡು ಹತ್ತು ದಿನ ಕೆಲಸ ಮುಗಿದ ಮೇಲೆ ಬೀದಿ ಬೀದಿ ಅಲೆದಳು. ಎಲ್ಲರೂ ಕೂರಿಸಿ ನೀರು ಕೊಟ್ಟರು. ಒಬ್ಬರಿಗೆ ಅಣ್ಣತಮ್ಮಂದಿರ ಕೇಸು ಕೋರ್ಟಿನಲ್ಲಿತ್ತು, ಇನ್ನೊಬ್ಬರ ಕನ್ನಡಕ ರಿಪೇರಿಗೆ ಹೋಗಿತ್ತು. ಕಾಲೇಜಿನ ಗೇಟಿನ ಮುಂದೆ ‘ನಮ್ಮೂರಿನ ಕೋಣೆ ನಮ್ಮ ಮಕ್ಕಳಿಗೆ’ ಎಂದು ಧರಣಿ ಕೂರಿಸಿದ್ದ ಮುಖಂಡರ ಕಾರಿನ ಶೆಡ್ಡಿನಲ್ಲೇ ನಾಲ್ಕು ಪರದೇಶಿ ಮಕ್ಕಳಿದ್ದರು. ಸಹಿ ಹಾಕಿದರೆ ತಮ್ಮ ಹೋರಾಟಕ್ಕೆ ಕಳಂಕ ಬರುತ್ತದೆಂದು ಅವರು ಹೇಳಿದರು. ಅವರ ಮಾತಿನಲ್ಲಿ ಸುಳ್ಳೇನೂ ಇರಲಿಲ್ಲ.

ಕೊನೆಗೆ ನನ್ನ ಮೇಜಿಗೆ ಬಂದಳು. ಎರಡು ಹಾಳೆ ಇಟ್ಟಳು.

“ನಿನ್ನವು ಎರಡು.”

“ಮನೇಲಿ ಒಂದ್ಮಾತು ಕೇಳ್ಬೇಕು ಅಕ್ಕಾ. ಅವಳದ್ದು ಗೊತ್ತಲ್ಲ ನಿಂಗೆ.”

“ಕೇಳು.”

ನಾನು ಕೇಳಲಿಲ್ಲ. ಕೇಳಿದ್ದರೆ ನನ್ನ ಹೆಂಡತಿ ಮರುಮಾತಿಲ್ಲದೆ ಸಹಿ ಹಾಕು ಎನ್ನುತ್ತಿದ್ದಳು, ಅದು ನನಗೆ ಚೆನ್ನಾಗಿ ಗೊತ್ತಿತ್ತು. ಅದಕ್ಕೇ ಕೇಳಲಿಲ್ಲ. ನನ್ನೆರಡು ಸಹಿ ಬಿದ್ದಿದ್ದರೂ ಮೂವತ್ತೈದು ಉಳಿಯುತ್ತಿತ್ತಲ್ಲ, ನಾನೊಬ್ಬ ಹಾಕಿ ಏನು ಪ್ರಯೋಜನ ಎಂದು ಸಮಾಧಾನ ಮಾಡಿಕೊಂಡೆ. ಊರಿನಲ್ಲಿ ಪ್ರತಿಯೊಬ್ಬರೂ ಇದೇ ಲೆಕ್ಕ ಹಾಕಿದ್ದರು.

ಹದಿನಾಲ್ಕನೆಯ ದಿನ ಅಕ್ಕ ಮಂಜೂರಾತಿ ಪತ್ರವನ್ನು ನಗರಸಭೆಗೆ ಹಿಂದಿರುಗಿಸಿದಳು. ಕಾರಣ ಎಂಬಲ್ಲಿ ‘ಮನೆಯವರೆಲ್ಲ ಅದರಲ್ಲಿ ಹಿಡಿಯುವುದಿಲ್ಲ’ ಎಂದು ಬರೆದಳಂತೆ. ಅಲ್ಲಿಂದ ಬಂದವಳು ದಾಖಲೆ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡಳು. ಅವಳು ಅಳುವುದು ನನ್ನ ಮೇಜಿಗೆ ಕೇಳಿಸುತ್ತಿತ್ತು. ಹನ್ನೊಂದು ವರ್ಷ ಕಾದು ಕೈಗೆ ಬಂದದ್ದನ್ನು ತಾನಾಗಿ ಬಿಟ್ಟುಬಂದವಳ ಅಳು ಅದು. ನಾನು ಎದ್ದು ಹೋಗಬೇಕಿತ್ತು, ಹೋಗಲಿಲ್ಲ. ಇವತ್ತಿಗೂ ನನಗೆ ನನ್ನ ಮೇಲೆ ಸಿಟ್ಟಿದೆ.

ಮಗಳು ಒಂದು ವಾರ ತಾಯಿಯ ಹತ್ತಿರ ಮಾತು ಬಿಟ್ಟಳು. ಭಾವ ಬಿಡಲಿಲ್ಲ. “ಸ್ಟಾಪ್ ಬಂತು, ನಾವು ಇಳೀಲಿಲ್ಲ, ಅಷ್ಟೇ ತಾನೇ,” ಎಂದನಂತೆ. ಅಂದು ಅವನೊಬ್ಬನೇ ಹೋಗಿ, ಹೊಸ ಮನೆ ಇರುವ ರಸ್ತೆಯಲ್ಲಿ ಒಂದು ಸುತ್ತು ಹಾಕಿ ಬಂದನೆಂದು ಆಮೇಲೆ ಗೊತ್ತಾಯಿತು.

ಮನೆ ಮಾಲೀಕರು ಹೇಳಿದ ಗಡುವಿಗೆ ಸರಿಯಾಗಿ ಬಂದು, ಎರಡು ಕೋಣೆಗೂ ಮೂರು ಮೂರರಂತೆ ಆರು ಮಂಚ ಹಾಕಿಸಿದರು. ಊರಿನಲ್ಲಿ ಬೇರೆಲ್ಲೂ ಸಂಸಾರಕ್ಕೆ ಮನೆ ಸಿಗಲಿಲ್ಲ. ಇದ್ದ ಮನೆಗಳೆಲ್ಲ ಮಂಚಗಳಾಗಿದ್ದವಲ್ಲ. ಕೊನೆಗೆ ಅಕ್ಕ, ಭಾವ, ಮಗಳು ತಮ್ಮದೇ ಮನೆಯಲ್ಲಿ ತಲೆಗಿಷ್ಟರಂತೆ ಮೂರು ಮಂಚ ಹಿಡಿದರು. ಉಳಿದ ಮೂರನ್ನು ವಿದ್ಯಾರ್ಥಿನಿಯರು ಹಿಡಿದರು, ಅದರಲ್ಲೊಬ್ಬಳು ಪುಸ್ತಕದ ಭಾಷೆಯವಳು. ಮಾಲೀಕರಿಗೆ ಈಗ ಅಕ್ಕನ ಮೇಲೆ ಬಹಳ ಗೌರವ. ವಿದ್ಯಾರ್ಥಿನಿಯರಿರುವ ಕೋಣೆಯಲ್ಲಿ ಮಲಗುವಂತಿಲ್ಲದೆ ಭಾವ ಒಳಗಿನ ಕೋಣೆಯಲ್ಲಿ ಎರಡು ಖಾಲಿ ಮಂಚಗಳ ಜೊತೆ ಮಲಗುತ್ತಾನೆ. ಆ ಎರಡರಲ್ಲಿ ಅಪರಿಚಿತ ಗಂಡಸರನ್ನು ತುಂಬುವುದಿಲ್ಲವೆಂದು ಮಾಲೀಕರು ಒಪ್ಪಿದ್ದಾರೆ, ಆದರೆ ಬಾಡಿಗೆ ಬಿಟ್ಟಿಲ್ಲ. ಹೊರಗಿನ ಕೋಣೆಯಲ್ಲಿ ಐದು ಹೆಂಗಸರು, ಮೂರು ಮಂಚ.

ಹೊಸ ವರ್ಷದ ಪ್ರವೇಶ ಶುರುವಾದ ಮೇಲೆ ನನಗೆ ನಿದ್ದೆ ಬಾರದಾಯಿತು. ಒಂದು ಸೋಮವಾರ ಗಟ್ಟಿ ಮನಸ್ಸು ಮಾಡಿ, ಅವಳು ಬಿಟ್ಟುಹೋಗಿದ್ದ ಎರಡೂ ನಮೂನೆಗಳಿಗೆ ನನ್ನ ವಿಳಾಸ ಬರೆದು ಸಹಿ ಹಾಕಿ ಅವಳ ಮುಂದಿಟ್ಟೆ. ಎದೆಯ ಭಾರ ಇಳಿದ ಹಾಗಾಯಿತು. ಅವಳು ಕಣ್ಣೊರೆಸಿಕೊಳ್ಳುತ್ತಾಳೆ, ಏನಾದರೂ ಒಳ್ಳೆಯ ಮಾತು ಹೇಳುತ್ತಾಳೆ ಎಂದು ನಿರೀಕ್ಷಿಸಿದ್ದು ನಿಜ.

ಅವಳು ಎರಡನ್ನೂ ನಿಧಾನವಾಗಿ ಓದಿದಳು.

“ತೆರಿಗೆ ಜಾಸ್ತಿ ಆಗುತ್ತಲ್ಲೋ ನಿಂಗೆ.”

“ಆಗ್ಲಿ ಬಿಡಕ್ಕಾ. ಎಷ್ಟಂತ ಹೆದರ್ಕೊಂಡಿರೋದು.”

“ಅದಕ್ಕೆ ಬಾಡಿಗೆ ಏರ್ಸಿದೀಯಂತೆ.”

ನಾನು ಪೆನ್ನಿನ ಮುಚ್ಚಳ ಹಾಕಿ ಜೇಬಿಗೆ ಸಿಕ್ಕಿಸಿದೆ.

“ನಿನ್ನೆ ಪತ್ರ ತಗೊಂಡು ಹೋಗೋಕೆ ಬಂದಿದ್ರು ಆ ಹುಡುಗರು. ಅಷ್ಟು ಕೊಡೋಕೆ ಆಗಲ್ವಂತೆ, ಈ ತಿಂಗಳ ಕೊನೆಗೆ ಬಿಡ್ತಾರಂತೆ. ಬೇರೆ ಕಡೆ ನೋಡ್ತಿದಾರೆ.” ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ಒಳ್ಳೆಯದಿತ್ತು. ಎರಡು ಹಾಳೆಗಳನ್ನೂ ಜೋಡಿಸಿ ನನ್ನ ಕಡೆ ತಳ್ಳಿದಳು. “ಇದನ್ನ ನೀನೇ ಇಟ್ಕೋ. ಅವರು ನಮ್ಮನೇಲೇ ಇರ್ಲಿ.”

ಹಾಳೆಗಳನ್ನು ಮಡಚಿ ಜೇಬಿಗಿಟ್ಟುಕೊಂಡೆ. ಅವಳು ಮೊಹರು ಎತ್ತಿಕೊಂಡು ಸಾಲಿನಲ್ಲಿದ್ದ ಮುಂದಿನವರನ್ನು ಕರೆದಳು. ನನ್ನ ಕೌಂಟರಿನಲ್ಲೂ ಫೀಸು ಕಟ್ಟುವವರು ಕಾಯುತ್ತಿದ್ದರು, ಹೋಗಿ ಕೂತೆ.